ಚರ್ಮದ ಬಿಲ್ಲೆ

ಬೆಂಗಳೂರು ಅಂದರೆ ಕೆಲವರಿಗೆ ತಂಪು ಹವೆ ನೆನಪಾಗುತ್ತದೆ, ಕೆಲವರಿಗೆ ಹೂವಿನ ತೋಟ. ನನಗೆ ಮೊದಲು ನೆನಪಾಗುವುದು ನಾತ. ರಾಜಾಜಿನಗರದ ನಮ್ಮ ಮೊದಲ ಬಾಡಿಗೆ ಮನೆಯ ಹಿತ್ತಲಲ್ಲಿದ್ದ ಕಕ್ಕಸಿನ ನಾತ. ಥೂ, ಇಷ್ಟು ವರ್ಷದ ಮೇಲೆ ಅದನ್ನು ಬರೆಯಲು ಕೂತರೂ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಬಡಾವಣೆ ಹೊಸದು, ಮನೆ ಹೊಸದು, ಗೋಡೆಯ ಸುಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಕಕ್ಕಸು ಮಾತ್ರ ಓಬೀರಾಯನ ಕಾಲದ್ದು. ಕೂರುವ ಕಲ್ಲಿನ ಕೆಳಗೊಂದು ತಗಡಿನ ಬಕೆಟ್ಟು, ಹಿಂದಿನ ಓಣಿಯ ಕಡೆಗೆ ಒಂದು ಕಿರುಬಾಗಿಲು. ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಆ ಬಾಗಿಲಿನಿಂದ ಕೈಹಾಕಿ ಬಕೆಟ್ಟನ್ನು ಹೊರಗೆಳೆದು, ತಳ್ಳುಗಾಡಿಯ ಪೀಪಾಯಿಗೆ ಸುರಿದುಕೊಂಡು ಹೋಗುತ್ತಿದ್ದಳು. ಆಕೆ ಬರದ ದಿನ ನಾವು ಊಟ ಮಾಡುತ್ತಿದ್ದೆವು ಅನ್ನುವುದಕ್ಕಿಂತ ನೊಣಗಳು ಮಾಡುತ್ತಿದ್ದವು ಅನ್ನಬೇಕು. ಧಾರವಾಡದಲ್ಲಿ ನಮ್ಮ ಸಂಡಾಸು ಹಿತ್ತಲಿನ ಆ ತುದಿಗೆ, ಬೇವಿನ ಮರದಾಚೆ ಇತ್ತು. ಇಲ್ಲಿ ಅಡಿಗೆಮನೆಯ ಕಿಟಕಿ ತೆಗೆದರೆ ಎದುರಿಗೆ ಅದೇ.

ಈ ಹೊಲಸು ಮನೆಗೆ ಬರಲೆಂದು ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೆ ಅಂದರೆ ನಂಬುತ್ತೀರಾ?

ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ನನ್ನ ಗಂಡನಿಗೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ. ಮದುವೆಯಾಗಿ ಹದಿನೈದು ದಿನಕ್ಕೆ ಅವರು ರೈಲು ಹತ್ತಿ ಹೋದರು, ಗೆಳೆಯರ ಜೊತೆ ಒಂದು ಖೋಲಿಯಲ್ಲಿದ್ದರು. ನಾನು ಧಾರವಾಡದಲ್ಲಿ ಅತ್ತೆಯ ಜೊತೆ ಉಳಿದೆ. ಅತ್ತೆ ವಿಧವೆ, ಕೆಂಪು ಸೀರೆಯ ಮಡಿ ಹೆಂಗಸು. ಅವರನ್ನು ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಗಂಡ ವರ್ಷಕ್ಕೆ ಎರಡು ಸಲ ರಜೆಯಲ್ಲಿ ಬಂದು ನೆಂಟರ ಹಾಗೆ ಹೋಳಿಗೆ ಉಂಡು ಹೋಗುತ್ತಿದ್ದರು. ಹೀಗೆ ಮೂರು ವರ್ಷ ಕಳೆಯಿತು. ಕೊನೆಗೆ ರಾಜಾಜಿನಗರದಲ್ಲಿ ಮನೆ ಸಿಕ್ಕಿತು, ಇಬ್ಬರೂ ಬನ್ನಿ ಎಂದು ಅವರು ಕರೆದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೆರೆಯವರು ಪರದೇಶಕ್ಕೆ ಹೋಗುವವಳಿಗೆ ತುಂಬುವ ಹಾಗೆ ನನಗೆ ಉಡಿ ತುಂಬಿದರು. ಅತ್ತೆ ತಮ್ಮ ಟ್ರಂಕಿನಲ್ಲಿ ಮಡಿಸೀರೆ, ಸಾಲಿಗ್ರಾಮದ ಪೆಟ್ಟಿಗೆ, ಅವುಗಳ ಮೇಲೆ ಸುರುಳಿ ಸುತ್ತಿದ ಬಾವಿಹಗ್ಗ ಇಟ್ಟುಕೊಂಡರು. ಹಗ್ಗ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಬೆಂಗಳೂರಿನ ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದೆವು. ಮುಂದೆ ಕುದುರೆಯ ವಾಸನೆ, ಕಾಲಡಿ ಹಸಿಹುಲ್ಲಿನ ವಾಸನೆ, ಮಾಗಡಿ ರಸ್ತೆಯುದ್ದಕ್ಕೂ ಕೆಮ್ಮಣ್ಣಿನ ಧೂಳು. ಅತ್ತೆ ರೈಲಿನಲ್ಲಿ ಒಂದು ಹನಿ ನೀರು ಮುಟ್ಟಿರಲಿಲ್ಲ. ಮನೆಯಿಂದ ತಂದ ತಾಮ್ರದ ಗಿಂಡಿ ದಾವಣಗೆರೆಗೆ ಮುಂಚೆಯೇ ಬರಿದಾಗಿತ್ತು. ಮನೆಗೆ ಬಂದವರೇ ಸೀದಾ ಹಿತ್ತಲಿಗೆ ನಡೆದರು. ಅಲ್ಲಿ ಸೊಂಟದೆತ್ತರಕ್ಕೆ ಒಂದು ಪೈಪು, ಅದರ ತುದಿಗೆ ಹಿತ್ತಾಳೆಯ ನಲ್ಲಿ. ನನ್ನ ಗಂಡ ಹೆಮ್ಮೆಯಿಂದ ಅದನ್ನು ತಿರುಗಿಸಿ ತೋರಿಸಿದರು. "ನೋಡವ್ವಾ, ಸೇದೋ ತ್ರಾಸಿಲ್ಲ."

"ಬಾವಿ ಎಲ್ಲದ?" ಅಂದರು ಅತ್ತೆ.

"ಬಾವಿ ಇಲ್ಲವ್ವಾ. ನಳ ಅದಲ್ಲ."

"ನಳದಾಗ ನೀರು ಸೋರಬಾರದಂತ ಚರ್ಮದ ಬಿಲ್ಲಿ ಇಟ್ಟಿರತಾರ. ನಿಮ್ಮ ಕಾಕಾನ ಮನ್ಯಾಗ ನಳ ಬಿಚ್ಚಿದಾಗ ಈ ಕಣ್ಣಿಲೆ ನೋಡೀನಿ. ಸತ್ತ ದನದ ಚರ್ಮ. ಅದನ್ನ ತೊಳಕೊಂಡು ಬಂದ ನೀರು ನಾ ಬಾಯಾಗ ಹಾಕಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಟ್ರಂಕು ಬಿಚ್ಚಬ್ಯಾಡ. ಬಾವಿ ಸಿಗಲಿಲ್ಲಂದ್ರ ನಾವಿಬ್ಬರೂ ತಿರುಗಿ ಧಾರವಾಡಕ್ಕ ಹೋಗೋಣು."

ನಾವಿಬ್ಬರು ಅಂದರೆ ಅವರು ಮತ್ತು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಗಂಡನ ಮುಖ ನೋಡಿದೆ. ಅವರು ನಲ್ಲಿಯ ಮುಖ ನೋಡುತ್ತಿದ್ದರು. ತಾಯಿಯ ಎದುರು ಆ ಮನುಷ್ಯನ ನಾಲಿಗೆಗೆ ಎಲುಬು ಮಾತ್ರ ಅಲ್ಲ, ಮಾಂಸವೂ ಇರಲಿಲ್ಲ. ಅತ್ತೆ ಆ ದಿನ ಬಾಳೆಹಣ್ಣು ತಿಂದು ಮಲಗಿದರು. ಮರುದಿನವೂ ಬಾಳೆಹಣ್ಣೇ. ಟ್ರಂಕು ಹಗ್ಗ ಬಿಗಿದುಕೊಂಡು ಬಾಗಿಲ ಪಕ್ಕದಲ್ಲೇ ಕೂತಿತ್ತು. ಹೋಗುವಾಗ ಬರುವಾಗ ಅದಕ್ಕೆ ಕಾಲೆಡವಿ ನನ್ನ ಹೆಬ್ಬೆರಳ ಉಗುರು ಕಪ್ಪಾಯಿತು.

ಬಾವಿ ತೋರಿಸಿದ್ದು ಪಕ್ಕದ ಮನೆಯಾಕೆ. ಮೈಸೂರು ಕಡೆಯವರು, ಗಂಡ ಮೇಷ್ಟರು. ಕೇತಮಾರನಹಳ್ಳಿ ಕಡೆಗೆ ಒಂದು ತರಕಾರಿ ತೋಟ ಇದೆ, ಅಲ್ಲಿ ಒಳ್ಳೆ ಬಾವಿ ಇದೆ ಅಂದರು. ಬೆಳಕು ಹರಿಯುವ ಮುಂಚೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ, ತಲೆಯ ಮೇಲೊಂದು ಕೊಡ ಸೊಂಟದಲ್ಲೊಂದು ಕೊಡ ಹೊತ್ತು ನಾನು ಹೊರಟೆ. ಟ್ರಂಕಿನಿಂದ ತೆಗೆದ ಬಾವಿಹಗ್ಗ ಹೆಗಲ ಮೇಲೆ; ಟ್ರಂಕು ಮಾತ್ರ ಬಾಗಿಲ ಪಕ್ಕದಿಂದ ಕದಲಲಿಲ್ಲ. ತೋಟದ ಗೌಡತಿ ನನ್ನ ವೇಷ ನೋಡಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು.

"ಬಾರವ್ವ ಬಾ, ಊರಿಗೆ ಬಂದೋಳು ನೀರಿಗೆ ಬರಾಕಿಲ್ವಾ? ಸೇದ್ಕೊ, ಯಾರು ಬ್ಯಾಡ ಅಂದೋರು! ಆದ್ರೆ ಈ ಚಳೀಲಿ ಒದ್ದೆ ಬಟ್ಟೇಲಿ ಯಾಕವ್ವಾ, ಹುಚ್ಚಾ?"

ಹುಚ್ಚು ಯಾರಿಗೆ ಎಂದು ಹೇಳಲಿ? ನಾಲ್ಕು ದಿನ ಹೀಗೆ ನೀರು ತಂದೆ. ದಾರಿಯುದ್ದಕ್ಕೂ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವ ಗಂಡಸರು. ಮೈಗಂಟಿದ ಸೀರೆಯನ್ನು ನೋಡುತ್ತ ಸೈಕಲ್ಲು ಓಲಾಡಿಸುತ್ತಿದ್ದರು, ಕೆಲವರು ಬೇಕೆಂದೇ ಗಂಟೆ ಬಾರಿಸುತ್ತಿದ್ದರು. ಥೂ ನಿಮ್ಮ ಮುಖಕ್ಕಿಷ್ಟು ಎಂದು ಬೈಯೋಣವೆಂದರೆ ಮಡಿನೀರು ಹೊತ್ತವಳು ಮಾತಾಡುವ ಹಾಗಿಲ್ಲ. ಐದನೆಯ ದಿನ ಸ್ವಲ್ಪ ತಡವಾಗಿ ಹೋದಾಗ ಗೌಡ ಎತ್ತು ಕಟ್ಟಿ ನೀರೆತ್ತುತ್ತಿದ್ದ. ಇಳಿಜಾರಿನಲ್ಲಿ ಎತ್ತುಗಳು ಕೆಳಗಿಳಿದವು, ಹಗ್ಗ ಬಿಗಿಯಾಯಿತು, ಬಾವಿಯಿಂದ ಮೇಲೆ ಬಂತು ನೋಡಿ, ಒಂದು ಚೀಲ. ಇಡೀ ಎಮ್ಮೆಯ ತೊಗಲನ್ನು ಹೊಲಿದು ಮಾಡಿದ ಚೀಲ, ಕರ್ರಗೆ, ಮೆತ್ತಗೆ, ಸುತ್ತ ನೀರು ಸುರಿಸುತ್ತ. ಅದು ಕಾಲುವೆಗೆ ನೀರು ಉಗುಳಿ ಮತ್ತೆ ಅದೇ ಬಾವಿಗೆ ದುಡುಮ್ಮೆಂದು ಬಿತ್ತು.

ನನಗೆ ನಗು ಬಂತು. ನಲ್ಲಿಯೊಳಗೆ ಬೆರಳುಗುರಿನಷ್ಟು ಚರ್ಮ ಇದೆಯೆಂದು ಅಲ್ಲಿ ಉಪವಾಸ. ಇಲ್ಲಿ ಇಡೀ ಎಮ್ಮೆಯೇ ಬಾವಿಯಲ್ಲಿ ಸ್ನಾನ ಮಾಡುತ್ತಿದೆ! ಆ ನೀರನ್ನೇ ತಂದು ಅತ್ತೆಯ ಹಂಡೆಗೆ ಸುರಿದೆ. ಸಂಜೆ ಗಂಡನಿಗೆ ಹೇಳಿದೆ. ಅವರು ಗಾಬರಿಯಾಗಿ ಬಾಗಿಲ ಕಡೆ ನೋಡಿದರು.

"ಅವ್ವಗ ಹೇಳಬ್ಯಾಡ. ಹೇಳಿದ್ರ ನಾಳೆನ ನಿಮ್ಮಿಬ್ಬರನ್ನ ಗಾಡಿ ಹತ್ತಿಸಬೇಕಾಗತದ."

ಹೇಳಲಿಲ್ಲ. ಅತ್ತೆ ಆ ನೀರಿನಲ್ಲಿ ಅನ್ನ ಮಾಡಿ, ದೇವರಿಗೆ ತೋರಿಸಿ, ತಂಪಾದ ನೀರು, ಗಂಗಿಯಂಥಾ ನೀರು ಎಂದು ಹೊಗಳಿ ಕುಡಿಯುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ನಲ್ಲಿಗೆ ಬಾಯಿಯಿಟ್ಟು ಕುಡಿಯುತ್ತಿದ್ದೆ.

ಇನ್ನು ಆ ಕಕ್ಕಸಿನ ಹೆಂಗಸಿನ ವಿಷಯ. ಸಣಕಲು ಮೈ, ಮೂಗಿನಲ್ಲಿ ಹಿತ್ತಾಳೆಯ ನತ್ತು, ನಲವತ್ತರ ಮೇಲಿರಬೇಕು. ಮನೆಯಲ್ಲಿ ತೆಲುಗು ಮಾತಾಡುವವಳು, ನಮ್ಮ ಜೊತೆ ಬೆಂಗಳೂರು ಕನ್ನಡ. ಒಂದು ದಿನ ಬಿಸಿಲೇರಿದ ಮೇಲೆ ಬಂದಳು. ಬಕೆಟ್ಟು ಸುರಿದಾದ ಮೇಲೆ ಹಿತ್ತಲ ಗೋಡೆಯಾಚೆ ನಿಂತು ಕೂಗಿದಳು. "ಅಮ್ಮಾ, ಒಂಚೂರು ನೀರು ಹಾಕ್ತೀರಾ? ಬಾಯೊಣಗ್ತದೆ." ಅವರ ಕೇರಿಗೆ ನಲ್ಲಿಯಿಲ್ಲ. ಬೀದಿ ನಲ್ಲಿಯಲ್ಲಿ ಎಲ್ಲರದೂ ತುಂಬುವವರೆಗೆ ದೂರ ನಿಲ್ಲಬೇಕು, ಎಲ್ಲರದೂ ತುಂಬುವ ಹೊತ್ತಿಗೆ ನೀರು ನಿಲ್ಲುತ್ತದೆ. ದಿನವಿಡೀ ನಮ್ಮೆಲ್ಲರದನ್ನೂ ಬಳಿಯುವ ಕೈಗೆ ತೊಳೆದುಕೊಳ್ಳಲು ನೀರಿಲ್ಲ.

ನಾನು ಆಗಷ್ಟೇ ಮಡಿಯುಟ್ಟಿದ್ದೆ. ಏನು ಮಾಡಲಿ ಎಂದು ಅತ್ತೆಯನ್ನು ನೋಡಿದೆ. ಅವರು ಮಂಚದ ಮೇಲಿಂದಲೇ ತೀರ್ಪು ಕೊಟ್ಟರು.

"ಆ ನಳದ್ದು ತಗೊಳ್ಳಲಿ ಅನ್ನು. ಅಕಿನ ತಿರುವಿಕೊಳ್ಳಲಿ, ನೀ ಮುಟ್ಟಬ್ಯಾಡ."

"ಅಕಿ ನಳ ಮುಟ್ಟೋದೇನ್ರಿ?"

"ಮೊದಲ ಕೆಟ್ಟದ್ದು ಅದು. ಮತ್ತೇನು ಕೆಡತದ ಅದರಾಗ?"

ಆ ಹೆಂಗಸಿಗೆ ನಂಬಿಕೆ ಬರಲಿಲ್ಲ. ನಾನು ಎರಡು ಸಲ ಹೇಳಿದ ಮೇಲೆ, ಹಿತ್ತಲ ಬಾಗಿಲಿನಿಂದ ಅಂಜುತ್ತ ಒಳಗೆ ಬಂದು, ನಲ್ಲಿಯನ್ನು ಬಿಸಿ ಪಾತ್ರೆ ಮುಟ್ಟಿದ ಹಾಗೆ ಮುಟ್ಟಿದಳು. ನೀರು ಬಂತು. ಕೈ ತೊಳೆದಳು, ಮೊಣಕೈವರೆಗೂ ತೊಳೆದಳು, ಮುಖ ತೊಳೆದಳು, ಆಮೇಲೆ ಬೊಗಸೆಯೊಡ್ಡಿ ಕುಡಿದೇ ಕುಡಿದಳು. ಮರುದಿನದಿಂದ ಸೀಮೆಎಣ್ಣೆಯ ಹಳೆಯ ಡಬ್ಬವೊಂದನ್ನು ತರತೊಡಗಿದಳು. ಕೆಲಸ ಮುಗಿಸಿ, ಮೈಕೈ ತೊಳೆದು, ಡಬ್ಬ ತುಂಬಿಸಿಕೊಂಡು ಹೋಗುವಳು. ನಮ್ಮ ಕಕ್ಕಸಿಗೆ ಬೂದಿ ಎರಚಿ ಚೊಕ್ಕಟ ಮಾಡಿದ ಹಾಗೆ ಆ ಸಾಲಿನಲ್ಲಿ ಇನ್ನಾರ ಮನೆಯದನ್ನೂ ಮಾಡುತ್ತಿರಲಿಲ್ಲ. ನೊಣ ಕಡಿಮೆಯಾದವು. ನಾನು ಕಿಟಕಿ ತೆಗೆದು ರೊಟ್ಟಿ ಬಡಿಯುವಂತಾದೆ. ಆಕೆಯೂ ನಾನೂ ನಲ್ಲಿಯ ಹತ್ತಿರ ನಾಲ್ಕು ಮಾತಾಡುವುದು ರೂಢಿಯಾಯಿತು. ಆಕೆಯ ಮಗಳಿಗೆ ಹೆರಿಗೆ ಹತ್ತಿರವಿತ್ತು. "ನೀರಿದ್ರೆ ಅರ್ಧ ಬಾಣಂತನ ಆದಂಗೆ ಕಣಮ್ಮ," ಅನ್ನುತ್ತಿದ್ದಳು.

ಪಕ್ಕದ ಮನೆಯ ಮೇಷ್ಟರ ಹೆಂಡತಿ ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಇದನ್ನು ನೋಡಿಬಿಟ್ಟರು. ಹಾವು ನೋಡಿದವರ ಹಾಗೆ ಕಿರುಚಿದರು.

"ಏನ್ರೀ ಇದು, ನಲ್ಲೀನೇ ಮುಟ್ಟಿಸ್ತಿದೀರಲ್ಲ! ನಿಮ್ಮನೇದೂ ನಮ್ಮನೇದೂ ಒಂದೇ ಪೈಪು ಕಣ್ರೀ. ನಾವು ಕುಡಿಯೋ ನೀರಿನ ಗತಿ ಏನು? ಬೇರೆ ರಾಜ್ಯದಿಂದ ಬಂದ್ರೆ ಆಚಾರಾನೂ ಅಲ್ಲೇ ಬಿಟ್ಟು ಬರ್ತಾರಾ?"

ಆಚಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಹಿತ್ತಲಿಗೆ ಬಂದರು. ಸೊಂಟದ ಮೇಲೆ ಕೈ.

"ಏನಂದ್ರಿ? ಸತ್ತ ದನದ ಚರ್ಮ ನೆಕ್ಕಿದ ನೀರು ಗಟಗಟ ಕುಡಿಯೋರು ನೀವು, ನನಗ ಆಚಾರ ಹೇಳತೀರೇನು? ಸತ್ತ ದನ ನಡೀತದ, ಜೀವಂತ ಮನಷಾಳ ಕೈ ಹೊಲಸೇನು ನಿಮಗ?"

ಮೇಷ್ಟರ ಹೆಂಡತಿ ದಡಬಡ ಗೋಡೆಯಿಂದ ಇಳಿದರು. ಆ ಹೆಂಗಸು ಡಬ್ಬ ಹಿಡಿದು ನಿಂತೇ ಇದ್ದಳು, ಅತ್ತೆಯ ಕಡೆ ಬಗ್ಗಿ ಕೈಮುಗಿದಳು. ನನಗೆ ಆ ಗಳಿಗೆಯಲ್ಲಿ ನಮ್ಮತ್ತೆಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಒದ್ದೆ ಸೀರೆ, ಸೈಕಲ್ಲಿನ ಪುಂಡರು, ಬಾಗಿಲ ಪಕ್ಕದ ಟ್ರಂಕು ಎಲ್ಲ ಮರೆತುಹೋಯಿತು. ಸಂಜೆ ಗಂಡನಿಗೆ ಅತ್ತೆಯ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಆಡಿ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ರಾಜ್ಯಗಳು ಒಂದಾದವು. ಕಾರ್ಖಾನೆಯಲ್ಲಿ ಪೇಢೆ ಹಂಚಿದರಂತೆ. ಇನ್ನು ಧಾರವಾಡವೂ ಬೆಂಗಳೂರೂ ಒಂದೇ ರಾಜ್ಯ ಎಂದು ನನ್ನ ಗಂಡ ಉಬ್ಬಿ ಹೇಳಿದರೆ ಅತ್ತೆ, "ರಾಜ್ಯ ಒಂದಾದ್ರ ನಳ ಬಾವಿ ಆಗತದೇನು?" ಅಂದರು. ಅವರ ಬಾಯಿಂದ ಬಂದದ್ದು ಅಪಶಕುನವೇ ಆಯಿತು. ಬಡಾವಣೆ ತೋಟದ ಕಡೆಗೆ ಬೆಳೆಯತೊಡಗಿತು. ಮೊದಲು ಅಳತೆಯ ಕಲ್ಲು ನೆಟ್ಟರು, ಆಮೇಲೆ ಬದನೆಗಿಡ ಕಿತ್ತರು. ಒಂದು ಬೆಳಿಗ್ಗೆ ನಾನು ಕೊಡ ಹೊತ್ತು ಹೋದರೆ ಬಾವಿಯ ಬಾಯಿಗೆ ಗಾಡಿಗಟ್ಟಲೆ ಮಣ್ಣು, ಇಟ್ಟಿಗೆ ಚೂರು, ಸತ್ತ ನಾಯಿಯೊಂದರ ಸಮೇತ ಕಸ ಸುರಿದಿದ್ದರು. ಗೌಡತಿ ಬದುವಿನ ಮೇಲೆ ಕೂತು ಯಾರನ್ನೋ ಶಪಿಸುತ್ತಿದ್ದಳು. ನನಗೂ ಅವಳ ಪಕ್ಕ ಕೂತು ಅಳಬೇಕು ಅನ್ನಿಸಿತು.

ಬರಿಗೊಡ ನೋಡಿದ ಅತ್ತೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಶಾಂತವಾಗಿ ಹೇಳಿದರು, "ಆತು ಬಿಡು. ಬಾವಿಹಗ್ಗ ಟ್ರಂಕಿನಾಗ ಇಡು. ನಾಳಿಗೆ ಹೋಗೋಣು." ಮತ್ತೆ ಬಾಳೆಹಣ್ಣು ಶುರುವಾಯಿತು. ನಾನು ಅಡಿಗೆಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದೆ. ನೀವು ನನ್ನ ಗಂಡನೋ ನೆಂಟನೋ, ಈ ಸಲ ಗಾಡಿ ಹತ್ತಿದರೆ ನಾನು ತಿರುಗಿ ಬರುವವಳಲ್ಲ, ನೀವೂ ನಿಮ್ಮ ಖೋಲಿಯೂ ಚೆನ್ನಾಗಿರಿ ಎಂದೆ. ಅವರು ಸೈಕಲ್ಲು ಹತ್ತಿ ಹೋದರು. ಮಧ್ಯಾಹ್ನಕ್ಕೇ ಕಾರ್ಖಾನೆಯಿಂದ ತಿರುಗಿ ಬಂದರು, ಕೈಯಲ್ಲಿ ಸ್ಪ್ಯಾನರು, ಜೇಬಿನಲ್ಲಿ ಒಂದು ಪೊಟ್ಟಣ.

ತಾಯಿಯನ್ನು ಹಿತ್ತಲಲ್ಲಿ ಮಣೆ ಹಾಕಿ ಕೂರಿಸಿದರು. ನೀರು ನಿಂತಿದ್ದ ಹೊತ್ತು ನೋಡಿ ನಲ್ಲಿ ಬಿಚ್ಚಿದರು. ಒಳಗಿಂದ ಹಳೆಯ ಬಿಲ್ಲೆ ತೆಗೆದರು. ಕೊಳೆತ ಅಡಿಕೆಯ ಹೋಳಿನ ಹಾಗಿತ್ತು, ಲೋಳೆ ಬೇರೆ. ಅತ್ತೆ ಶೀ ಎಂದು ಮುಖ ತಿರುಗಿಸಿದರು. ಅದನ್ನು ಗೋಡೆಯಾಚೆ ಓಣಿಗೆ ಎಸೆದು, ಪೊಟ್ಟಣದಿಂದ ಹೊಸ ಬಿಲ್ಲೆ ತೆಗೆದು ತಾಯಿಯ ಮುಂದೆ ಹಿಡಿದರು.

"ಇದು ರಬ್ಬರವ್ವಾ. ಗಿಡದ ಹಾಲು. ಗಿಡಕ್ಕ ಗಾಯ ಮಾಡಿ ಹಾಲು ತಗದು ಮಾಡತಾರ."

"ದನದ್ದಲ್ಲಾ?"

"ಅಲ್ಲವ್ವಾ. ಆಲದ ಗಿಡದ ಹಾಲಿನಂಗ."

"ದೇವರ ಮ್ಯಾಲ ಆಣಿ ಮಾಡು."

ಮಾಡಿದರು. ಅತ್ತೆ ಬಿಲ್ಲೆಯನ್ನು ಅರಿಶಿನದ ನೀರಿನಲ್ಲಿ ಅದ್ದಿಸಿದರು, ತುಳಸಿ ಮುಟ್ಟಿಸಿದರು. ನಲ್ಲಿಯನ್ನು ನಾನು ಹುಣಸೆಹಣ್ಣು ಹಾಕಿ ಚಿನ್ನದಂತೆ ತಿಕ್ಕಿದೆ, ಕುಂಕುಮ ಹಚ್ಚಿದೆ. ಸಂಜೆ ನೀರು ಬಂತು. ಅತ್ತೆ ಗಿಂಡಿ ಹಿಡಿದರು, ಕಣ್ಣು ಮುಚ್ಚಿದರು, ಕುಡಿದರು. "ಅಡ್ಡಿ ಇಲ್ಲ," ಅಂದರು. ಒಳಗೆ ಹೋಗಿ ತಾವೇ ಟ್ರಂಕಿನ ಹಗ್ಗ ಬಿಚ್ಚಿದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಬಾಗಿಲ ಪಕ್ಕ ಖಾಲಿಯಾದ ಜಾಗದಲ್ಲಿ ರಂಗೋಲಿ ಬಿಟ್ಟೆ. ಆ ಬೀದಿಯ ಎಲ್ಲ ನಲ್ಲಿ, ಪೈಪು, ಕೊನೆಗೆ ಕಕ್ಕಸು ಕೂಡ ನನಗೆ ಚೆಂದ ಕಂಡವು.

ಮರುದಿನ ಬೆಳಿಗ್ಗೆ ಓಣಿಯಲ್ಲಿ ತಳ್ಳುಗಾಡಿಯ ಸದ್ದಾಯಿತು. ಅತ್ತೆ ಹಿತ್ತಲ ಬಾಗಿಲಿಗೆ ಒಳಗಿಂದ ಅಗಳಿ ಹಾಕಿದ್ದರು.

"ಇನ್ನ ಅಕಿ ನಳ ಮುಟ್ಟಬಾರದು. ಹೇಳು ಹೋಗು."

"ಅತ್ತಿಯವರ, ಜೀವಂತ ಮನಷಾಳ ಕೈ ಹೊಲಸೇನು ಅಂದಿದ್ರಲ್ಲ ನೀವು?"

"ಅದು ಆ ನಳಕ್ಕ ಅಂದಿದ್ದೆ," ಅಂದರು ಅತ್ತೆ. "ಈಗ ಇದು ದೇವರ ನೀರು. ಬೇಕಾದ್ರ ನೀ ಮ್ಯಾಲಿಂದ ಸುರವು. ಇಲ್ಲಂದ್ರ ಹೇಳು, ಟ್ರಂಕು ಇನ್ನೂ ಖಾಲಿ ಆಗಿಲ್ಲ."

ಗಂಡನನ್ನು ನೋಡಿದೆ. ಅವರು ಹಲ್ಲುಜ್ಜುತ್ತಿದ್ದರು. "ಬಿಡು, ಈಗರ ಎಲ್ಲಾ ಸರಿ ಆಗ್ಯದ," ಅಂದರು, ಬಾಯಿ ತುಂಬ ನೊರೆಯಿಟ್ಟುಕೊಂಡು. ಹಿಂದಿನ ದಿನ ದೇವರ ಹಾಗೆ ಕಂಡಿದ್ದ ಮನುಷ್ಯ. ನಾನು ಚೊಂಬಿನಲ್ಲಿ ನೀರು ತುಂಬಿಕೊಂಡೆ.

ಅಗಳಿ ತೆಗೆದು ಹೊರಗೆ ಹೋದೆ. ಕೆಲಸಕ್ಕೆ ಮುಂಚೆ ಡಬ್ಬ ಒಳಗಿಡಲೆಂದು ಆಕೆ ಅದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹುಣಸೆಹಣ್ಣಿನಲ್ಲಿ ತಿಕ್ಕಿದ ನಲ್ಲಿಯನ್ನೂ ಅದರ ಮೇಲಿನ ಕುಂಕುಮವನ್ನೂ ನೋಡಿದಳು, ನಾನು ಕೈಯಲ್ಲಿ ಹಿಡಿದಿದ್ದ ಚೊಂಬನ್ನೂ ನೋಡಿದಳು.

"ಯಾಕಮ್ಮಾ, ನಲ್ಲಿ ಕೆಟ್ಟೋಯ್ತಾ?"

"ಇಲ್ಲ. ರಿಪೇರಿಯಾಗಿದೆ," ಎಂದೆ. "ಒಳಗೆ ಚರ್ಮ ಇತ್ತು. ತೆಗೆದುಹಾಕಿದ್ದಾರೆ."

ಆಕೆಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಅಂಥವನ್ನು ಅರ್ಥ ಮಾಡಿಕೊಂಡೇ ಬದುಕಿದವಳು. ಗೋಡೆಯಾಚೆ, ಓಣಿಯ ಮಣ್ಣಿನಲ್ಲಿ, ಹಿಂದಿನ ದಿನ ಎಸೆದ ಬಿಲ್ಲೆ ಬಿದ್ದಿತ್ತು. ಅದನ್ನು ಕಾಲ ಬೆರಳಿನಿಂದ ಮಗುಚಿ ನೋಡಿದಳು.

"ಚರ್ಮ ಇದ್ದಾಗ್ಲೇ ವಾಸಿ ಇತ್ತಲ್ಲಮ್ಮಾ," ಅಂದಳು.

ನಾನು ಚೊಂಬು ಎತ್ತಿದೆ. ಆಕೆ ಡಬ್ಬ ಮುಂದೆ ಹಿಡಿಯಲಿಲ್ಲ, ಗಾಡಿಯ ಕೊಕ್ಕೆಗೆ ಸಿಕ್ಕಿಸಿದಳು. ಕಿರುಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ದಿನದ ಹಾಗೆ ಕೈಹಾಕಿ ನಮ್ಮ ಬಕೆಟ್ಟನ್ನು ಎಳೆದಳು. ಒಳಗಿಂದ ಅತ್ತೆ ನನ್ನನ್ನು ಕರೆಯುತ್ತಿದ್ದರು. ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ಹೊರಗೆ ತೆಗೆದಿದ್ದಾರಂತೆ, ಬಿಸಿಲಿಗೆ ಹಾಕಬೇಕಂತೆ.

ಮರುದಿನ ಆಕೆ ಡಬ್ಬ ತರಲಿಲ್ಲ.